ವಾಲ್ವ್ ಬಿಟ್ಟ ಆರಾಧ್ಯರು

"ಮುಟ್ಟಬೇಡ, ಮುಟ್ಟಬೇಡ! ಅದರ ಮೈತುಂಬ ಮೂರು ಸಾವಿರ ವೋಲ್ಟ್ ಹರಿಯುತ್ತೆ," ಎನ್ನುತ್ತ ನಂಜುಂಡಾರಾಧ್ಯರು ಹೆಂಡತಿಗೆ ಅಡ್ಡ ಬಂದು ನಿಂತರು.

"ನಾನೆಲ್ಲಿ ಮುಟ್ಟಿದೆ? ನನ್ನ ಸೀರೆ ಬೀರು ಕಾಣಿಸ್ತಿಲ್ಲವಲ್ಲ ಅಂತ ಹುಡುಕ್ತಿದ್ದೆ," ಅಂದರು ಸರ್ವಮಂಗಳಮ್ಮ.

ಹುಡುಕುವುದೇನು ಬಂತು, ಬೀರು ಕಣ್ಣೆದುರಿಗೇ ಇತ್ತು. ಬಾಗಿಲಿಗೆ ತೂತು ಕೊರೆದು ಜಾಲರಿ ಬಡಿದಿದ್ದರು. ಸೀರೆ ಇಡುವ ಜಾಗದಲ್ಲಿ ಕುಂಬಳಕಾಯಿ ಗಾತ್ರದ ಟ್ರಾನ್ಸ್‌ಫಾರ್ಮರ್ ಕೂತಿತ್ತು. ಒಡವೆ ಖಾನೆಯಲ್ಲಿ ಹಳೇ ಕೂಲರಿನ ಫ್ಯಾನು. ನಟ್ಟನಡುವೆ ಒಂದು ಪಿಂಗಾಣಿ ಭರಣಿ, ಅದರ ಸುತ್ತ ತಾಮ್ರದ ಕೊಳವೆಯ ಸುರುಳಿ. ಭರಣಿ ಸರ್ವಮಂಗಳಮ್ಮನವರ ಮಾವಿನಮಿಡಿ ಉಪ್ಪಿನಕಾಯಿಯದು. ಸುರುಳಿ ಸುತ್ತುವುದಕ್ಕೆ ಗುಂಡಗಿನ ವಸ್ತು ಬೇಕೆಂದು ಆರಾಧ್ಯರು ಎತ್ತಿಕೊಂಡು ಹೋಗಿದ್ದರು. ಸುತ್ತಿದ ಮೇಲೆ ಭರಣಿ ಈಚೆಗೆ ಬರಲೇ ಇಲ್ಲ.

"ಉಪ್ಪಿನಕಾಯಿ ತೆಗೆದಿಟ್ಟಾದರೂ ಸುತ್ತಬಾರದಿತ್ತೇನ್ರೀ?"

"ಈಗ ತೆಗೆದರೆ ಟ್ಯೂನಿಂಗ್ ತಪ್ಪುತ್ತೆ ಕಣೇ. ಅದೀಗ ಬರೀ ಉಪ್ಪಿನಕಾಯಲ್ಲ, ಸರ್ಕೀಟಿನ ಭಾಗ."

ಆರಾಧ್ಯರು ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಹ್ಯಾಮ್ ರೇಡಿಯೋ ಅವರ ಹುಚ್ಚು. ಅಂದರೆ ಲೈಸೆನ್ಸ್ ತೆಗೆದುಕೊಂಡು, ತಾವೇ ರೇಡಿಯೋ ಕಟ್ಟಿ, ತಾರಸಿಯ ಮೇಲೆ ತಂತಿ ಎಳೆದು, ಎಲ್ಲೋ ಇರುವ ಇನ್ನೊಬ್ಬ ಹ್ಯಾಮ್ ಜೊತೆ ಗಾಳಿಯಲ್ಲಿ ಮಾತಾಡುವ ಜಾತಿ. ಅದರಲ್ಲೂ ಇವರು ವಾಲ್ವ್ ಪಂಥದವರು. ಹಳೇ ರೇಡಿಯೋಗಳ ಒಳಗೆ ಬಲ್ಬಿನ ಹಾಗೆ ಕೆಂಪಗೆ ಉರಿಯುತ್ತಿತ್ತಲ್ಲ ಗಾಜಿನ ಬುರುಡೆ, ಅದೇ ವಾಲ್ವು. ಈಗಿನ ರೇಡಿಯೋಗಳ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಕಂಡರೆ ಆರಾಧ್ಯರಿಗೆ ಆಗದು. "ಚಿಪ್ಪು ಸತ್ತರೆ ಗೊತ್ತೇ ಆಗಲ್ಲ. ವಾಲ್ವು ಹಾಗಲ್ಲ, ನೋಡಿದ ತಕ್ಷಣ ತಿಳಿಯುತ್ತೆ, ಪಾಪ, ಸುಸ್ತಾಗಿದೆ ಅಂತ," ಅನ್ನುತ್ತಿದ್ದರು.

"ಈ ಮನೇಲಿ ಇನ್ನೂ ಒಬ್ಬರು ಸುಸ್ತಾಗಿದಾರೆ," ಅನ್ನುತ್ತಿದ್ದರು ಸರ್ವಮಂಗಳಮ್ಮ.

ಇನ್ನು ಆರಾಧ್ಯರ ಎಡಗೈ ವಿಚಾರ. ವಾಲ್ವಿನ ಯಂತ್ರ ಬಿಚ್ಚುವಾಗ ಒಂದು ಕೈ ಜೇಬಿನಲ್ಲಿರಬೇಕು ಅನ್ನುವುದು ಆ ಕಸುಬಿನ ಹಳೇ ನೇಮ. ಎರಡೂ ಕೈಯಲ್ಲಿ ಮುಟ್ಟಿದರೆ ಕರೆಂಟು ಒಂದು ಕೈಯಿಂದ ಹೊಕ್ಕು, ಎದೆ ಹಾದು, ಇನ್ನೊಂದು ಕೈಯಿಂದ ಹೊರಡುತ್ತದೆ. ಜೊತೆಗೆ ಮನುಷ್ಯನೂ ಹೊರಡುತ್ತಾನೆ. ಆದರೆ ಆರಾಧ್ಯರು ಪಂಚೆ ಉಡುವವರು, ಪಂಚೆಗೆಲ್ಲಿಯ ಜೇಬು? ಹೆಂಡತಿಯ ಕೈಲಿ ಎಲ್ಲ ಪಂಚೆಗಳಿಗೂ ಒಂದೊಂದು ಜೇಬು ಹೊಲಿಸಿಕೊಂಡರು. ಅಭ್ಯಾಸ ಎಷ್ಟು ಬಲಿತಿತ್ತೆಂದರೆ, ಊಟಕ್ಕೆ ಕೂತಾಗಲೂ, ಮದುವೆ ಮನೆಯಲ್ಲಿ ಅಕ್ಷತೆ ಹಾಕುವಾಗಲೂ ಎಡಗೈ ಜೇಬಿನೊಳಗೇ ಇರುತ್ತಿತ್ತು. ಹೊಸದಾಗಿ ನೋಡಿದವರು, ಪಾಪ, ಲಕ್ವ ಹೊಡೆದಿದೆ ಅಂದುಕೊಳ್ಳುತ್ತಿದ್ದರು.

ಬೀರು ಹೋಯಿತು, ಭರಣಿ ಹೋಯಿತು, ಆದರೂ ಸರ್ವಮಂಗಳಮ್ಮ ಈ ಸಲ ದೊಡ್ಡ ರಂಪ ಮಾಡಲಿಲ್ಲ. ಅದಕ್ಕೆ ಕಾರಣ ಕುಮಟಾದ ವಿಠಲ ಶಾನಭಾಗರು.

ಶಾನಭಾಗರೂ ಹ್ಯಾಮೇ. ಮೂವತ್ತು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿಗೆ ಕೂರುವ ಮುಂಚೆ ಅವರೂ ಆರಾಧ್ಯರೂ ರೇಡಿಯೋದಲ್ಲಿ ಮಾತಾಡುವುದು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮಾತೂ ಅಂಥ ಘನವಾದದ್ದೇನಲ್ಲ. ಅಲ್ಲಿ ಬಿಸಿಲೋ, ಇಲ್ಲಿ ಮೋಡವೋ, ತಿಂಡಿಗೆ ಏನು ಮಾಡಿದ್ದರು, ದನಿ ಹೇಗೆ ಬರುತ್ತಿದೆ. ದನಿ ಚೊಕ್ಕವಾಗಿದ್ದರೆ 'ಫೈವ್ ನೈನ್' ಅನ್ನಬೇಕು, ಅದು ಹ್ಯಾಮ್‌ಗಳ ನೂರಕ್ಕೆ ನೂರು. ಮೂವತ್ತು ವರ್ಷ ಫೈವ್ ನೈನ್ ಅಂದ ಶಾನಭಾಗರು ಈಚೆಗೆ ಇಳಿಸುತ್ತ ಬಂದರು. ಹೋದ ಭಾನುವಾರವಂತೂ ಖಂಡಿತವಾಗಿ ಹೇಳಿಬಿಟ್ಟರು:

"ಆರಾಧ್ಯರೇ, ನಿಮ್ಮ ದನಿ ಬರೂದೇ ಇಲ್ಲ ಮಾರಾಯ್ರೇ. ಬರೀ ಗುಂಯ್ ಅಂತದೆ. ಬರೂ ಭಾನುವಾರ ಒಂದು ನೋಡ್ತೇನೆ. ಆಗ್ಲೂ ಕೇಳದಿದ್ರೆ ಆಂಟೆನಾ ಕಂಬ ಇಳಿಸಿ ರೇಡಿಯೋ ಮುಚ್ಚಿಡೂದೇ."

ಅವತ್ತು ಆರಾಧ್ಯರ ತಟ್ಟೆಯಲ್ಲಿ ಅರ್ಧ ದೋಸೆ ಹಾಗೇ ಉಳಿಯಿತು. ಸರ್ವಮಂಗಳಮ್ಮ ತಟ್ಟೆ ಎತ್ತುವಾಗ ಅದನ್ನು ನೋಡಿದರು. ಊರ ತುಂಬ ಪರಿಚಯದವರಿದ್ದರೂ ಈ ಮನುಷ್ಯನಿಗೆ ಗೆಳೆಯ ಅಂತ ಇದ್ದದ್ದು ಆ ಒಂದು ದನಿ ಮಾತ್ರ. ಅದೂ ಹೋದರೆ ಭಾನುವಾರ ಈ ಮನೆಯಲ್ಲಿ ಹೇಗೆ ಕಳೆಯುವುದು ಅನ್ನುವ ಯೋಚನೆ ಅವರಿಗೆ ಹಿಡಿಯಿತು.

"ಅವರಿಗೊಂದು ಫೋನ್ ಮಾಡಿಬಿಡಿ. ಅವರ ಸೊಸೆ ಮೇಧಾ ನಂಬರು ನನ್ನ ಹತ್ರ ಇದೆ," ಅಂದರು.

"ಫೋನಾ? ಹ್ಯಾಮು ಹ್ಯಾಮಿಗೆ ಫೋನ್ ಮಾಡೋದೂ ಒಂದೇ, ಪರೀಕ್ಷೇಲಿ ಕಾಪಿ ಹೊಡೆಯೋದೂ ಒಂದೇ. ನೀನೂ ಮಾಡಕೂಡದು. ಮಾತು ಕೊಡು."

ಕೊಟ್ಟರು. ಅದರ ಫಲವೇ ಈಗ ಬೀರುವಿನೊಳಗೆ ಕೂತಿತ್ತು. ಯಂತ್ರಕ್ಕೆ 'ನಂದಿಘೋಷ' ಎಂದು ನಾಮಕರಣವೂ ಆಗಿತ್ತು.

"ಇದರಲ್ಲಿರೋದು ಒಗ್ಗರಣೆ ಸರ್ಕೀಟು, ನನ್ನದೇ ಶೋಧ," ಎಂದು ಆರಾಧ್ಯರು ವಿವರಿಸಿದರು. "ಒಂದು ವಾಲ್ವು ದನೀನ ದೊಡ್ಡದು ಮಾಡಿ ಇನ್ನೊಂದಕ್ಕೆ ಕೊಡುತ್ತೆ. ಅದು ಇನ್ನೂ ದೊಡ್ಡದು ಮಾಡಿ ಮೊದಲನೇದಕ್ಕೇ ವಾಪಸ್ ಕೊಡುತ್ತೆ. ಒಳಗೆ ಬಿದ್ದ ಮಾತು ಸವೆಯೋದೇ ಇಲ್ಲ, ಬೆಳೀತಾನೇ ಇರುತ್ತೆ."

"ಪಕ್ಕದ್ಮನೆ ನೀಲಮ್ಮನೂ ಅವರ ಓರಗಿತ್ತೀನೂ ಇದ್ದ ಹಾಗೆ ಅನ್ನಿ."

ಆರಾಧ್ಯರು ಎಡಗೈ ಜೇಬಿಗಿಳಿಸಿ ಬಲಗೈಯಲ್ಲಿ ಸ್ವಿಚ್ ಒತ್ತಿದರು. ಭರಣಿಯಷ್ಟೇ ದಪ್ಪದ ಎರಡು ವಾಲ್ವುಗಳು ಮೆಲ್ಲಗೆ ಕೆಂಪೇರಿದವು. ಮೇಲಿನ ಫ್ಯಾನು ಸುತ್ತುವುದು ಬಿಟ್ಟಿತು. ಎದುರು ಮನೆಯ ಮಿಕ್ಸಿ ಗೊಣಗಿ ಸುಮ್ಮನಾಯಿತು. ಆರಾಧ್ಯರು ಮೈಕ್ ಎತ್ತಿಕೊಂಡು ಗಂಭೀರವಾಗಿ ಹೇಳಿದರು: "ಹಲೋ, ಟೆಸ್ಟ್. ಈಗ ಒಂದನೇ ವಾಲ್ವ್ ಬಿಡ್ತಾ ಇದೀನಿ. ಎರಡನೇ ವಾಲ್ವೂ ಬಿಡ್ತೀನಿ. ಫುಲ್ ಬಿಡ್ತೀನಿ."

ಅಡುಗೆಮನೆಯಲ್ಲಿ ನಲ್ಲಿ ಒಂದು ಸಲ ಕೆಮ್ಮಿತು. ಆಮೇಲೆ ಆರಾಧ್ಯರ ದನಿಯಲ್ಲೇ, ಅದಕ್ಕಿಂತ ನಾಲ್ಕು ಪಟ್ಟು ಜೋರಾಗಿ ಹೇಳಿತು: "ವಾಲ್ವ್ ಬಿಡ್ತಾ ಇದೀನಿ. ಫುಲ್ ಬಿಡ್ತೀನಿ."

"ಇದೇನ್ರೀ, ನಲ್ಲಿ ಮಾತಾಡ್ತಿದೆ."

"ಕರೆಂಟು ನೆಲಕ್ಕಿಳಿಯೋಕೆ ಅರ್ಥ್ ಬೇಕಲ್ಲ, ಅದಕ್ಕೆ ನೀರಿನ ಪೈಪಿಗೆ ತಂತಿ ಕಟ್ಟಿದೆ. ಹೇಗಿದ್ದರೂ ನೀರು ಬರಲ್ಲ, ಪೈಪು ಸುಮ್ಮನೆ ಬಿದ್ದಿತ್ತು," ಅಂದರು ಆರಾಧ್ಯರು, ತಮ್ಮ ದನಿಯನ್ನು ತಾವೇ ಮೆಚ್ಚಿಕೊಂಡು ಕೇಳುತ್ತ.

ಪೈಪು ಇವರೊಬ್ಬರದಾಗಿದ್ದರೆ ಮಾತಿರಲಿಲ್ಲ. ಅದು ಕೆಂಚನಪಟ್ಟಣದ ಸಂಪಿಗೆ ಬಡಾವಣೆಯ ಅಷ್ಟೂ ಮನೆಗಳಿಗೆ ಹೋಗುವ ಪೈಪು. ಅಷ್ಟೂ ಮನೆಯ ನಲ್ಲಿಗಳು ಅದನ್ನೇ ಹೇಳಿದವು. ಬೀದಿಯ ಕೊನೆಯ ದೊಡ್ಡ ವಾಲ್ವು ತುಕ್ಕು ಹಿಡಿದು ಕಚ್ಚಿಕೊಂಡು ಬಹಳ ದಿನವಾಗಿ, ಬಡಾವಣೆಯವರು ಟ್ಯಾಂಕರಿನ ದಾರಿ ಕಾಯುತ್ತಿದ್ದರು. ಅಂಥ ಬೀದಿಯಲ್ಲಿ 'ವಾಲ್ವ್ ಬಿಡ್ತೀನಿ' ಅನ್ನುವ ಮಾತಿಗೆ ಒಂದೇ ಅರ್ಥ. ಕೊಡ, ಬಕೆಟ್ಟು, ಡ್ರಮ್ಮು, ಪಾಯಸದ ಪಾತ್ರೆ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಜನ ಹೊರಗೆ ಬಂದರು. ನೀರು ಬರಲಿಲ್ಲ. ಆ ಹೊತ್ತಿಗೆ ಸೈಕಲ್ ತುಳಿದುಕೊಂಡು ಬಂದ ವಾಲ್ವ್‌ಮನ್ ಕಾಳಪ್ಪ ಅವರ ಕೈಗೆ ಸಿಕ್ಕ. ಹೇಗೋ ತಪ್ಪಿಸಿಕೊಂಡು ಅವನು ದನಿಯ ಜಾಡು ಹಿಡಿದು ಆರಾಧ್ಯರ ಮನೆಗೆ ಬಂದ.

"ಸಾರ್, ಈ ಏರಿಯಾದಲ್ಲಿ ವಾಲ್ವ್ ಬಿಡೋನು ನಾನು. ನೀವ್ಯಾರು ಬಿಡೋಕೆ?"

"ನಾನು ಬಿಟ್ಟಿದ್ದು ನನ್ನ ವಾಲ್ವು ಕಣಯ್ಯ."

"ನಿಮಗೆ ಸ್ವಂತದ್ದು ಬೇರೆ ಇದೆಯಾ?"

ಗೇಟಿನ ಹತ್ತಿರ ನಿಂತಿದ್ದವರು ಅಷ್ಟನ್ನು ಮಾತ್ರ ಕೇಳಿಸಿಕೊಂಡರು. ಆರಾಧ್ಯರ ಮನೆಯಲ್ಲಿ ಸ್ವಂತ ವಾಲ್ವಿದೆಯಂತೆ, ಅದಕ್ಕೇ ನಮಗೆ ನೀರಿಲ್ಲವಂತೆ ಅನ್ನುವ ಸುದ್ದಿ ಬೀದಿಯ ಆ ತುದಿ ಮುಟ್ಟುವುದಕ್ಕೆ ಯಾವ ಒಗ್ಗರಣೆ ಸರ್ಕೀಟೂ ಬೇಕಾಗಲಿಲ್ಲ. ಆರಾಧ್ಯರು ಕಾಳಪ್ಪನನ್ನು ಒಳಗೆ ಕರೆದು ಬೀರು ತೋರಿಸಿದರು. ಅವನು ಬಗ್ಗಿ ಬಗ್ಗಿ ನೋಡಿದ.

"ಇದರಲ್ಲಿ ನೀರು ಎಲ್ಲಿ ಬರುತ್ತೆ ಸಾರ್?"

"ನೀರು ಬರಲ್ಲ. ಎಲೆಕ್ಟ್ರಾನು ಹರಿಯುತ್ತೆ."

"ಅದನ್ನ ಯಾರು ಕುಡೀತಾರೆ ಸಾರ್?"

ಆರಾಧ್ಯರು ಅವತ್ತಿಗೆ ಯಂತ್ರ ಆರಿಸಿದರು. ಆದರೆ ಒಳಗೆ ಬಿದ್ದ ಮಾತು ಸವೆಯುವುದಿಲ್ಲ ಅಂದಿದ್ದರಲ್ಲ, ಅದು ನಿಜವಾಗಿಯೂ ಸವೆಯಲಿಲ್ಲ. ಮಾರನೆಯ ದಿನ ಯಾರು ನಲ್ಲಿ ತಿರುಗಿಸಿದರೂ ಹಿಂದಿನ ದಿನದ ಮಾತು ತೊಟ್ಟು ತೊಟ್ಟಾಗಿ ಬಿತ್ತು. ಕೈ ತೊಳೆಯಲು ಹೋದವರಿಗೆ "ಹಲೋ" ಎಂದಿತು. ತರಕಾರಿ ಗಾಡಿಯ ಮೈಕು "ಈರುಳ್ಳಿ, ಆಲೂಗಡ್ಡೆ, ಟೆಸ್ಟ್, ಟೆಸ್ಟ್" ಎಂದು ಕೂಗುತ್ತ ಬಂತು. ಟೆಸ್ಟ್ ಅಂದರೆ ಯಾವ ಸೊಪ್ಪು ಅಂತ ಇಬ್ಬರು ಹೆಂಗಸರು ವಿಚಾರಿಸಿದರು.

ಎಲ್ಲಕ್ಕಿಂತ ಪಜೀತಿಯಾದದ್ದು ಪಕ್ಕದ ಮನೆ ನೀಲಮ್ಮನಿಗೆ. ಅವರ ದವಡೆ ಹಲ್ಲಿಗೆ ಲೋಹದ ಟೋಪಿ ಹಾಕಿಸಿದ್ದರು. ನಲ್ಲಿಯ ಹತ್ತಿರ ಟ್ಯಾಂಕರಿನ ನೀರಲ್ಲಿ ಮುಖ ತೊಳೆಯುವಾಗ ಆರಾಧ್ಯರ ಮಾತು ಅದರೊಳಗೆ ಸೇರಿಕೊಂಡಿತು. ಬಾಯಿ ಮುಚ್ಚಿದ್ದರೆ ಏನೂ ಇಲ್ಲ, ತೆರೆದರೆ ಆರಾಧ್ಯರು. ಜಗಳಕ್ಕೆಂದು ಸೆರಗು ಬಿಗಿದುಕೊಂಡು ಬಂದವರು ಬಾಗಿಲಲ್ಲಿ ನಿಂತು ಬಾಯಿ ತೆರೆದರು.

"ಫುಲ್ ಬಿಡ್ತೀನಿ," ಎಂದಿತು ಆರಾಧ್ಯರ ದನಿ.

"ಏನು ನೀಲಮ್ಮ, ಬೆಳಿಗ್ಗೆ ಬೆಳಿಗ್ಗೆ ಹೀಗೆ ಮಾತಾಡ್ತೀರಿ?" ಅಂದರು ಆರಾಧ್ಯರು.

ನೀಲಮ್ಮ ಬಾಯಿ ಮುಚ್ಚಿ ಕೈಯಲ್ಲೇ ಬೈದರು. ಬರೀ ಕೈಸನ್ನೆಯಲ್ಲಿ ಅಷ್ಟೆಲ್ಲ ಬೈಯಬಹುದೆಂದು ಸರ್ವಮಂಗಳಮ್ಮನಿಗೆ ಅವತ್ತೇ ಗೊತ್ತಾದದ್ದು. ಅವರು ನೀಲಮ್ಮನನ್ನು ಕೂರಿಸಿ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸುವ ಹಾಗೆ ಮಾಡಿದರು. ಮೂರನೇ ಸಲಕ್ಕೆ "ಟೆಸ್ಟ್" ಎಂಬುದು ಬಚ್ಚಲಿಗೆ ಬಿದ್ದು ಹರಿದುಹೋಯಿತು.

"ರೀ, ಇದನ್ನ ಬಿಚ್ಚಿಹಾಕಿ. ಜನ ಸುಮ್ಮನಿರಲ್ಲ," ಅಂದರು ಆಮೇಲೆ ಗಂಡನಿಗೆ.

"ಭಾನುವಾರ ಒಂದು ದಿನ ಕಣೇ ಮಂಗಳಾ. ಒಂದೇ ಒಂದು ಸಲ ಶಾನಭಾಗರು ಫೈವ್ ನೈನ್ ಅಂದುಬಿಡಲಿ. ಆಮೇಲೆ ನಿನ್ನ ಬೀರು ನಿನಗೆ."

ಅಷ್ಟು ದೈನ್ಯದಿಂದ ಆ ಮನುಷ್ಯ ಏನನ್ನೂ ಕೇಳಿದ್ದಿಲ್ಲ. ಸರ್ವಮಂಗಳಮ್ಮ ಭಾನುವಾರಕ್ಕೆಂದು ಜೇಬಿನ ಪಂಚೆ ಮಡಿಸಿ ತೆಗೆದಿಟ್ಟರು.

ಭಾನುವಾರ ಬಂತು. ಆರಾಧ್ಯರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಜೇಬಿನ ಪಂಚೆ ಉಟ್ಟು, ನಂದಿಘೋಷದ ಸ್ವಿಚ್ ಒತ್ತಿ ಕೂತರು. ಹೊರಗೆ ಬಡಾವಣೆಯವರೂ ಕೊಡ ಹಿಡಿದು ಕೂತಿದ್ದರು. ಎಷ್ಟು ತಿಳಿಹೇಳಿದರೂ ಸ್ವಂತ ವಾಲ್ವಿನ ಮೇಲಿನ ನಂಬಿಕೆ ಅವರಿಗೆ ಹೋಗಿರಲಿಲ್ಲ. ಕಾಳಪ್ಪನೂ ಸ್ಪ್ಯಾನರ್ ಹಿಡಿದು ಗೇಟಿನ ಪಕ್ಕ ನಿಂತಿದ್ದ.

ಇಷ್ಟು ವರ್ಷ ಮಾತಾಡಿದ ಬ್ಯಾಟರಿಯ ಹಳೇ ಪುಟ್ಟ ರೇಡಿಯೋದಿಂದ ಶಾನಭಾಗರ ದನಿ ಗಂಟೆ ಹೊಡೆದ ಹಾಗೆ ಬಂತು. "ಆರಾಧ್ಯರೇ, ಇದ್ದೀರಾ?"

"ಇದೀನಿ ಶಾನಭಾಗರೇ. ದನಿ ಹೇಗಿದೆ?" ಅಂದರು ಆರಾಧ್ಯರು. ಮನೆಯ ಪಾತ್ರೆಗಳೆಲ್ಲ ಜೊತೆಗೇ ಅಂದವು.

"ಎಂತದೂ ಕೇಳೂದಿಲ್ಲ ಮಾರಾಯ್ರೇ."

ಆರಾಧ್ಯರು ದನಿ ಏರಿಸುವ ಗುಬುಟು ತಿರುಗಿಸಿದರು. ಬಡಾವಣೆಯ ನಲ್ಲಿಗಳೆಲ್ಲ ಒಟ್ಟಿಗೆ "ದನಿ ಹೇಗಿದೆ" ಎಂದು ಕೇಳಿದವು. ಬಾಗಿಲಲ್ಲಿ ಕೂತಿದ್ದ ನೀಲಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಇಲ್ಲ. ಕೇಳೂದಿಲ್ಲ."

ಇನ್ನೂ ತಿರುಗಿಸಿದರು. ವಾಲ್ವುಗಳ ಒಳಗಿನ ತಗಡು ಕುಂಕುಮದ ಬಣ್ಣಕ್ಕೆ ತಿರುಗಿತು. ಭರಣಿಯಲ್ಲಿ ಉಪ್ಪಿನಕಾಯಿ ಕುದಿಯತೊಡಗಿ ಮನೆತುಂಬ ಇಂಗು ಸಾಸಿವೆಯ ವಾಸನೆ ಹರಡಿತು. "ರೀ, ಸಾಕು," ಅಂದರು ಸರ್ವಮಂಗಳಮ್ಮ. ಆರಾಧ್ಯರಿಗೆ ಕೇಳಿಸಲಿಲ್ಲ. ಗುಬುಟನ್ನು ಕೊನೆಯವರೆಗೂ ತಿರುಗಿಸಿ, ಎದೆ ಬಿರಿಯುವ ಹಾಗೆ ಕೂಗಿದರು.

"ಶಾನಭಾಗರೇ, ನಾನು! ನಾನು ಆರಾಧ್ಯ!"

ಆ ಕೂಗು ನೆಲದಡಿಯ ಪೈಪಿನಲ್ಲಿ ಗುಡುಗುತ್ತ ಬೀದಿಯ ಕೊನೆಗೆ ಹೋಯಿತು. ಕಾಳಪ್ಪನ ಸ್ಪ್ಯಾನರಿಗಾಗಲೀ ಮೂವರು ಪ್ಲಂಬರುಗಳಿಗಾಗಲೀ ಜಗ್ಗದ ಆ ತುಕ್ಕು ವಾಲ್ವು ಗಡಗಡ ನಡುಗಿ, ತನಗೆ ತಾನೇ ತಿರುಗಿ, ಫುಲ್ ತೆರೆದುಕೊಂಡಿತು. ಇಷ್ಟು ದಿನ ತಡೆದು ನಿಂತಿದ್ದ ನೀರೆಲ್ಲ ಒಂದೇ ಸಲಕ್ಕೆ ನುಗ್ಗಿತು. ಆರಾಧ್ಯರು ಅರ್ಥ್ ತಂತಿ ಸೇರಿಸುವುದಕ್ಕೆಂದು ಪೈಪಿನ ಮುಚ್ಚಳ ಬಿಚ್ಚಿದ್ದರು. ಆ ಬಾಯಿಂದ ನೀರು ಚಿಮ್ಮಿ ನೇರವಾಗಿ ಬೀರುವಿಗೇ ಹೊಡೆಯಿತು. ಸರ್ವಮಂಗಳಮ್ಮ ಓಡಿಹೋಗಿ ಮೇನ್ ಸ್ವಿಚ್ ಎಳೆಯುವುದಕ್ಕೂ, ಕಾದ ಗಾಜಿಗೆ ತಣ್ಣೀರು ಬಿದ್ದು ಎರಡು ವಾಲ್ವುಗಳೂ ಢಂ, ಢಂ ಎಂದು ಸಿಡಿಯುವುದಕ್ಕೂ ಸರಿಹೋಯಿತು. ಭರಣಿ ಮಾತ್ರ ಒಡೆಯಲಿಲ್ಲ.

ಹೊಗೆ, ಆವಿ, ಇಂಗಿನ ಘಾಟಿನ ನಡುವೆ ಪುಟ್ಟ ರೇಡಿಯೋದಿಂದ ದನಿ ಬಂತು. "ಏನೂ ಕೇಳ್ಲಿಲ್ಲ ಆರಾಧ್ಯರೇ. ಇರ್ಲಿ. ಇಷ್ಟು ವರ್ಷ ಮಾತಾಡಿದ್ದೇ ದೊಡ್ಡದು. ನಮಸ್ಕಾರ."

ಹೊರಗೆ ಹಬ್ಬವಾಗಿತ್ತು. ಕೊಡಗಳು ತುಂಬಿ ಚರಂಡಿಯೂ ತುಂಬಿ ಹರಿಯುತ್ತಿತ್ತು. ಆರಾಧ್ಯರಿಗೆ ಜೈ ಎಂದು ಯಾರೋ ಕೂಗಿದರು. ಕಾಳಪ್ಪ ಒಳಗೆ ಬಂದು ಕಾಲಿಗೇ ಬಿದ್ದುಬಿಟ್ಟ. "ಬಾಯಲ್ಲಿ ಹೇಳಿ ವಾಲ್ವ್ ಬಿಡಿಸಿದ್ರಲ್ಲ ಸಾರ್, ನೀವು ದೇವರು."

ದೇವರು ಒದ್ದೆ ಪಂಚೆಯಲ್ಲಿ ಕುರ್ಚಿಯ ಮೇಲೆ ಕೂತಿತ್ತು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು.

ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಸಂಜೆ ಕಾಫಿ ಆರಿ ಕೆನೆ ಕಟ್ಟಿತು. ಜನ ತಂದ ಹಾರವನ್ನು ಬೀರುವಿನ ಮೇಲೆ ಹಾಕಿ ಗೋಡೆ ಕಡೆ ತಿರುಗಿ ಮಲಗಿದರು. ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತು ಆ ಬೆನ್ನನ್ನು ನೋಡಿದರು. ಕೊಟ್ಟ ಮಾತು ಹಾಳಾಗಿಹೋಗಲಿ ಎಂದು ಹಿತ್ತಲಿಗೆ ಹೋಗಿ ಮೇಧಾಗೆ ಫೋನ್ ಹಚ್ಚಿದರು.

"ಅಕ್ಕಾ, ನಾನೇ ಮಾಡಬೇಕು ಅಂತಿದ್ದೆ," ಅಂದಳು ಮೇಧಾ. "ಬೆಳಿಗ್ಗೆ ನಮ್ಮನೇಲಿ ಇಡ್ಲಿ ಪಾತ್ರೆ, ಕೊಡೆ, ಮಾವನ ಕನ್ನಡಕ, ಎಲ್ಲ 'ನಾನು ಆರಾಧ್ಯ' ಅಂತ ಕೂಗ್ತಿತ್ತು. 'ಯಾರು ಆರಾಧ್ಯ' ಅಂತ ಕೇಳ್ಕೊಂಡು ಆಚೆಮನೆಯವರೂ ಬಂದ್ರು. ಮಾವ ಒಬ್ರಿಗೇ ಕೇಳ್ಲಿಲ್ಲ."

"ಅಂದರೆ, ಅವರ ಕಿವಿ..."

"ಹೋಗಿ ಎಷ್ಟು ದಿನ ಆಯ್ತೋ. ಒಪ್ಪೂದು ಯಾರು? ಟೀವಿ ಹಾಳಾಗಿದೆ ಅಂತಾರೆ, ಬಾಗಿಲ ಬೆಲ್ಲು ಹಾಳಾಗಿದೆ ಅಂತಾರೆ. ಸೊಸೆ ಮಾತು ಬಿಟ್ಟಿದ್ದಾಳೆ ಅಂತ ನೆಂಟರ ಹತ್ರ ದೂರು ಬೇರೆ. ಕಿವಿಗೆ ಹಾಕೂ ಯಂತ್ರ ತಂದಿಟ್ಟಿದ್ದೇವೆ. 'ನಾನೇನು ಕಿವುಡನಾ' ಅಂತ ಎದ್ದು ಹೋಗ್ತಾರೆ."

ಸರ್ವಮಂಗಳಮ್ಮ ಒಳಗೆ ಬಂದು ಗಂಡನಿಗೆ ಎಲ್ಲ ಹೇಳಿದರು. ಆರಾಧ್ಯರು ಎದ್ದು ಕೂತರು. ಮೊದಲು ಸಿಟ್ಟು ಬಂತು. "ಇವರ ಕಿವಿ ಕೆಟ್ಟಿದ್ದಕ್ಕೆ ನನ್ನ ವಾಲ್ವನ್ನ ಬೈಕೊಂಡು ಕೂತಿದ್ದೆನಲ್ಲೇ." ಆಮೇಲೆ ದನಿ ಇಳಿಸಿದರು. "ಕೇಳಿಸದೇ ಇದ್ದರೂ ವಾರ ವಾರ ಬಂದು ಕೂತ್ಕೋತಿದ್ದರಲ್ಲ ಮಂಗಳಾ, ಪಾಪ." ಕಣ್ಣು ಒರೆಸಿಕೊಂಡರು. ಸರ್ವಮಂಗಳಮ್ಮನಿಗೂ ಅಳು ಬಂತು, ತಪ್ಪನ್ನು ಕಣ್ಣಿಗೆ ಬಿದ್ದ ಸೊಳ್ಳೆಯ ಮೇಲೆ ಹಾಕಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಅಳ್ತಾ ಕೂತರೆ ಆಗಲ್ಲ," ಅಂದರು ಆಮೇಲೆ. "ಕಿವಿ ಯಂತ್ರ ಅಂದರೆ ತಾನೇ ಅವರು ಬೇಡ ಅನ್ನೋದು? ರೇಡಿಯೋ ಸಾಮಾನು ಅಂದರೆ?"

ಆರಾಧ್ಯರು ಹೆಂಡತಿಯನ್ನು ಹೊಸಬರನ್ನು ನೋಡುವ ಹಾಗೆ ನೋಡಿದರು. ಮೇಧಾ ಆ ಯಂತ್ರವನ್ನು ಕೊರಿಯರಿನಲ್ಲಿ ಕಳಿಸಿದಳು. ಆರಾಧ್ಯರು ಅದಕ್ಕೊಂದು ಕಪ್ಪು ಬಣ್ಣ ಬಳಿದು, ಬೇಡದಿದ್ದರೂ ಒಂದು ತುಂಡು ತಂತಿ ಅಂಟಿಸಿ, ಡಬ್ಬಿಯ ಮೇಲೆ 'ರಿಸೀವರ್ ಬೂಸ್ಟರ್, ಹ್ಯಾಮ್‌ಗಳಿಗೆ ಮಾತ್ರ' ಎಂದು ಬರೆದು ವಾಪಸ್ ಕಳಿಸಿದರು. ಹ್ಯಾಮ್‌ಗಳಿಗೆ ಮಾತ್ರ ಅನ್ನುವುದನ್ನು ಓದಿ ಶಾನಭಾಗರು ಆ ಕ್ಷಣವೇ ಕಿವಿಗೆ ಸಿಕ್ಕಿಸಿಕೊಂಡರಂತೆ. ಊಟಕ್ಕೂ ತೆಗೆಯಲಿಲ್ಲವಂತೆ. ಸೊಸೆ ಮತ್ತೆ ಮಾತಾಡತೊಡಗಿದಳು ಎಂದು ನೆಂಟರಿಗೆಲ್ಲ ಹೇಳಿದರಂತೆ.

ಮುಂದಿನ ಭಾನುವಾರ ಆರಾಧ್ಯರು ಹಳೇ ಪುಟ್ಟ ರೇಡಿಯೋದಲ್ಲೇ, ಮಾಮೂಲಿ ದನಿಯಲ್ಲಿ, ಹೆದರಿ ಹೆದರಿ ಅಂದರು: "ಶಾನಭಾಗರೇ, ಹೇಗಿದೆ ದನಿ?"

"ಫೈವ್ ನೈನ್ ಮಾರಾಯ್ರೇ! ಎದುರಿಗೆ ಕೂತು ಮಾತಾಡಿದ ಹಾಗೆ ಇದೆ. ನಿಮ್ಮ ಬೂಸ್ಟರ್ ಭಾರೀ ಆಯ್ತು. ಅಂತೂ ನಿಮ್ಮ ಸಿಗ್ನಲ್ ಸರಿಯಾಯ್ತಲ್ಲ."

ಅವತ್ತು ಆರಾಧ್ಯರು ದೋಸೆಯ ಮೇಲೆ ದೋಸೆ ಹಾಕಿಸಿಕೊಂಡರು. ಸರ್ವಮಂಗಳಮ್ಮ ಬೀರುವಿನಿಂದ ಸುರುಳಿ ಕತ್ತರಿಸಿ ಭರಣಿ ಬಿಡಿಸಿಕೊಂಡರು. ಉಪ್ಪಿನಕಾಯಿ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಕಳಿತಿತ್ತು.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ, ಆರಾಧ್ಯರು ಕೋಣೆಯಲ್ಲಿ ಮೈಕ್ ಹಿಡಿದು ವಾಲ್ವಿನ ಮುಂದೆ ಚಿಪ್ಪು ಯಾಕೆ ಕೆಲಸಕ್ಕೆ ಬಾರದ್ದೆಂದು ವಿಸ್ತಾರವಾಗಿ ಹೇಳುತ್ತಿರುವಾಗಲೇ ಮೇಧಾಳ ಫೋನು ಬಂತು.

"ಅಕ್ಕಾ, ಒಂದು ಮಾತು ಹೇಳ್ತೇನೆ, ನಿಮ್ಮ ಯಜಮಾನರಿಗೆ ಗೊತ್ತಾಗೂದು ಬೇಡ," ಎಂದು ಪಿಸುಗುಟ್ಟಿದಳು. "ಇಡೀ ವಾರ ಬೂಸ್ಟರ್ ಹಾಕ್ಕೊಂಡೇ ಇರ್ತಾರೆ. ಭಾನುವಾರ ಮಾತ್ರ, ರೇಡಿಯೋ ಮುಂದೆ ಕೂತು ಹತ್ತು ನಿಮಿಷಕ್ಕೆ ತೆಗೆದು ಮೇಜಿನ ಮೇಲೆ ಇಟ್ಟುಬಿಡ್ತಾರೆ. ಯಾಕೆ ಮಾವ ಅಂದ್ರೆ, 'ಮನುಷ್ಯ ಅಪ್ಪಟ ಬಂಗಾರ, ಅವರಿಲ್ಲದೆ ನನ್ನ ಭಾನುವಾರ ಇಲ್ಲ, ಆದ್ರೆ ಎಂತ ಮಾತಾಡ್ತಾರೆ ಮಾರಾಯ್ತಿ' ಅಂದ್ರು. ಈಗ್ಲೂ ನಗ್ತಾ ರೇಡಿಯೋ ಮೀಟರಿನ ಮುಳ್ಳು ನೋಡ್ತಾ ಕೂತಿದ್ದಾರೆ, ನಿಮ್ಮ ಯಜಮಾನರು ಮಾತಾಡಿದ ಹಾಗೆ ಅದು ಕುಣೀತದೆ. ಮುಳ್ಳು ಕುಣಿಯೂದು ನಿಂತ ಕೂಡ್ಲೇ 'ಫೈವ್ ನೈನ್' ಅಂತಾರೆ."

ಕೋಣೆಯಲ್ಲಿ ಆರಾಧ್ಯರು ಒಂದು ಗಳಿಗೆ ಉಸಿರು ತೆಗೆದುಕೊಂಡರು. "ಫೈವ್ ನೈನ್, ಆರಾಧ್ಯರೇ," ಅಂದಿತು ರೇಡಿಯೋ. ಆರಾಧ್ಯರು ಹಿಗ್ಗಿ ಇನ್ನೊಂದು ಅಧ್ಯಾಯ ಶುರುಮಾಡಿದರು.

"ಅವರಿಗೆ ಮುಳ್ಳಾದರೂ ಇದೆ ಬಿಡಮ್ಮ," ಅಂದರು ಸರ್ವಮಂಗಳಮ್ಮ. "ನಾನು ಮದುವೆಯಾದಾಗಿನಿಂದ ಅಂದಾಜಿನ ಮೇಲೇ ಹ್ಞೂಂ ಅಂತಿದೀನಿ."